ಗುತ್ತಲದ ಬಿಸಿ ಊಟ

ಪುಳಿಯೋಗರೆ ಡಬ್ಬಿ ರೈಲಿನಲ್ಲೇ ಉಳಿದುಬಿಟ್ಟಿತ್ತು. ಅದು ಗೊತ್ತಾದದ್ದು ನಾವು ಹಾವೇರಿಯಲ್ಲಿ ಇಳಿದು, ರೈಲು ಹುಬ್ಬಳ್ಳಿ ಕಡೆಗೆ ಹೊರಟು ಹೋದ ಮೇಲೆ.

"ತಾತ, ಊಟದ ಚೀಲ ನೀವು ತಗೊಂಡ್ರಿ ಅಂದ್ಕೊಂಡೆ" ಎಂದಳು ಮೊಮ್ಮಗಳು.

"ನೀನು ತಗೊಂಡೆ ಅಂದ್ಕೊಂಡೆ" ಎಂದೆ ನಾನು.

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೂ ರಾತ್ರಿ ಎಂಟು ಗಂಟೆಯವರೆಗೆ ಲೆಡ್ಜರ್ ಹಿಡಿದು ಕೂತು ಹುಡುಕುತ್ತಿದ್ದೆ. ಅಂಥವನಿಗೆ ಮೂರು ಚೀಲ ಎಣಿಸಿ ಇಳಿಸಲು ಆಗಲಿಲ್ಲ. ವಯಸ್ಸಾಯಿತು ಎಂದು ಹೇಳಬಹುದು. ಆದರೆ ಮೊಮ್ಮಗಳಿಗೆ ಹನ್ನೆರಡೇ ವರ್ಷ, ಅವಳೂ ಎಣಿಸಿರಲಿಲ್ಲ.

ನಾವು ತುಮಕೂರಿನಿಂದ ಹೊರಟದ್ದು ಗುತ್ತಲ ನೋಡಲು. ದಸರಾ ರಜೆಯಲ್ಲಿ ಮೈಸೂರು ಬಿಟ್ಟು ಗುತ್ತಲಕ್ಕೆ ಹೋಗುವವರು ಯಾರು ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಅವಳ ಶಾಲೆ. ಏಳನೇ ತರಗತಿಯವರು ರಜೆಯಲ್ಲಿ ಒಂದು ಯೋಜನೆ ಬರೆದು ತರಬೇಕು, ವಿಷಯ 'ಪಾಠದಲ್ಲಿ ಇಲ್ಲದ ಒಂದು ರಾಜವಂಶ'. ಕದಂಬರು, ಚಾಲುಕ್ಯರು, ಹೊಯ್ಸಳರು ಎಲ್ಲ ಪಾಠದಲ್ಲಿ ಇದ್ದಾರೆ. ಹಾಗಾದರೆ ಇನ್ನು ಯಾರು? ಆಗ ನನಗೆ ಗುತ್ತಲದ ಗುತ್ತರು ನೆನಪಾದರು.

ನೆನಪಾಗಲು ಇನ್ನೊಂದು ಕಾರಣವಿತ್ತು. 1975ರ ಸುಮಾರಿಗೆ, ಇನ್ನೂ ಮದುವೆಯಾಗದ ಹುಡುಗನಾಗಿದ್ದಾಗ, ನನ್ನನ್ನು ಎರಡು ವರ್ಷ ರಾಣೆಬೆನ್ನೂರಿಗೆ ಹಾಕಿದ್ದರು. ಆಗ ಹಾವೇರಿ ಜಿಲ್ಲೆ ಎಂಬುದೇ ಇರಲಿಲ್ಲ. ಅದು ಆದದ್ದು 1997ರಲ್ಲಿ; ಅಲ್ಲಿಯವರೆಗೆ ಇವೆಲ್ಲ ಧಾರವಾಡ ಜಿಲ್ಲೆಯ ಊರುಗಳು. ಹತ್ತಿ ಮಾರಿದ ರೈತರು ಬ್ಯಾಂಕಿಗೆ ಬಂದು ಕೌಂಟರಿನ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದರು. "ಯಾವ ಊರು?" ಎಂದರೆ ಕೆಲವರು "ಗುತ್ತಲ ರೀ" ಅನ್ನುತ್ತಿದ್ದರು. ಎಷ್ಟೋ ಸಲ ಆ ಹೆಸರನ್ನು ನನ್ನ ಕೈಯಾರೆ ಬರೆದಿದ್ದೇನೆ. ಊರು ಮಾತ್ರ ನೋಡಿರಲಿಲ್ಲ. ನೋಡಬೇಕು, ಮುಂದಿನ ಭಾನುವಾರ ಹೋಗಬೇಕು ಅಂದುಕೊಳ್ಳುತ್ತ ಐವತ್ತು ವರ್ಷ ಕಳೆದಿತ್ತು.

ಆ ಎರಡು ವರ್ಷ ನಾನು ಊಟ ಮಾಡಿದ್ದು ಖಾನಾವಳಿಯಲ್ಲಿ. ಮೊದಲನೇ ದಿನದ ಹೆದರಿಕೆ ಇನ್ನೂ ನೆನಪಿದೆ. ತಟ್ಟೆಯಲ್ಲಿದ್ದ ಪಲ್ಯ, ಸಾರು ಎರಡೂ ಕುಂಕುಮದಷ್ಟು ಕೆಂಪು. ಇದನ್ನು ತಿಂದರೆ ನಾಲಿಗೆ ಸುಟ್ಟುಹೋಗುತ್ತದೆ ಎಂದು ಮೊಸರನ್ನವನ್ನಷ್ಟೇ ಉಂಡು ಎದ್ದಿದ್ದೆ. ಖಾನಾವಳಿಯ ಅಜ್ಜಿ ನಕ್ಕರು. ಮಕ್ಕಳೇ, ಬ್ಯಾಡಗಿ ಮೆಣಸಿನಕಾಯಿಯ ಗುಟ್ಟು ಇದೇ. ಬಣ್ಣ ಜೋರು, ಖಾರ ಕಡಿಮೆ. ಸಿಪ್ಪೆಯೆಲ್ಲ ಮುದುಡಿ ಸುಕ್ಕುಗಟ್ಟಿರುತ್ತದೆ, ನನ್ನ ಕೈಯ ಹಾಗೆ. ಅದರಲ್ಲಿ ಡಬ್ಬಿ ಎಂದೂ ಕಡ್ಡಿ ಎಂದೂ ಎರಡು ಬಗೆ. ಗಿಡ್ಡಗೆ ಗುಂಡಗೆ ಇರುವುದು ಡಬ್ಬಿ, ಉದ್ದಕ್ಕೆ ತೆಳ್ಳಗೆ ಇರುವುದು ಕಡ್ಡಿ. 2011ರಲ್ಲಿ ಇದಕ್ಕೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿತು. ಇದರ ಬಣ್ಣವನ್ನು ಹಿಂಡಿ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರಂತೆ. ಇದನ್ನು ರೈಲಿನಲ್ಲಿ ಬ್ಯಾಡಗಿ ನಿಲ್ದಾಣ ದಾಟುವಾಗ ಹೇಳಿದೆ. ಮೊಮ್ಮಗಳು ಪಕ್ಕದ ಸೀಟಿನ ಹೆಂಗಸಿನ ತುಟಿಯನ್ನೇ ದಿಟ್ಟಿಸಿ ನೋಡಿ ನನಗೆ ಮುಜುಗರ ಮಾಡಿದಳು.

ಹಾವೇರಿಯಿಂದ ಗುತ್ತಲಕ್ಕೆ ಬಸ್ಸು ಹಿಡಿದೆವು. ದಾರಿಯ ಎರಡೂ ಕಡೆ ಗೋವಿನಜೋಳ, ಹತ್ತಿ. ನಡುನಡುವೆ ಮೆಣಸಿನ ಗಿಡದ ಸಾಲು, ಅದರಲ್ಲಿ ಸಣ್ಣ ಬಿಳಿ ಹೂವು. ಕೆಂಪು ಕಾಣಲು ಇನ್ನೂ ತಿಂಗಳುಗಳು ಬೇಕು. ಗುತ್ತಲದಲ್ಲಿ ಇಳಿದಾಗ ಗಂಟೆ ಎರಡಾಗಿತ್ತು. ಇಬ್ಬರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಸುತ್ತ ಒಂದು ಕಣ್ಣು ಹಾಯಿಸಿ, ಮೊದಲು ಕಂಡ ಹೊಟೇಲಿಗೆ ನುಗ್ಗಿದೆವು. ಅದರ ಹೆಸರು ಹೇಳುವುದಿಲ್ಲ. ಯಾಕೆಂದು ನಿಮಗೇ ತಿಳಿಯುತ್ತದೆ.

ನಾಲ್ಕು ಮೇಜು. ಮೂರು ಖಾಲಿ. ಊಟದ ಹೊತ್ತಿನಲ್ಲಿ ಹೊಟೇಲು ಖಾಲಿ ಇದ್ದರೆ ಒಳಗೆ ಕೂರಬಾರದು ಎಂಬುದು ಊರೂರು ತಿರುಗಿದ ನನಗೆ ತಿಳಿಯದ ವಿಷಯವಲ್ಲ. ಆದರೆ ಹಸಿವು. ನಾಲ್ಕನೇ ಮೇಜಿನಲ್ಲಿ ಬಿಳಿ ಧೋತರ, ಗಾಂಧಿ ಟೋಪಿಯ ಹಿರಿಯರೊಬ್ಬರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಫ್ಯಾನು ಇದ್ದದ್ದು ಅವರ ಮೇಜಿನ ಮೇಲೆ ಮಾತ್ರ. "ಇಲ್ಲಿ ಕೂರಬಹುದಾ?" ಎಂದು ಕೇಳಿ ಎದುರಿಗೆ ಕೂತೆವು.

ಯಜಮಾನರೇ ತಟ್ಟೆ ತಂದಿಟ್ಟರು. ಅರವತ್ತರ ಹತ್ತಿರದವರು. ಹಣೆಯ ಮೇಲೆ ಬೆವರು, ಅಂಗಿಯ ತೋಳಿನ ಮೇಲೆ ಹಿಟ್ಟು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು, ಹೆಚ್ಚಿದ ಈರುಳ್ಳಿ. ನೋಡಲು ಎಲ್ಲವೂ ಸರಿಯೇ.

ಮೊಮ್ಮಗಳು ರೊಟ್ಟಿಯನ್ನು ಬೆರಳಿನಿಂದ ತಟ್ಟಿದಳು. ಟಕ್ ಎಂದಿತು.

"ತಾತ, ಸ್ಲೇಟು" ಎಂದಳು.

ಜೋಳದ ರೊಟ್ಟಿಯಲ್ಲಿ ಖಡಕ್ ರೊಟ್ಟಿ ಎಂಬುದೊಂದಿದೆ. ಅದು ಗಟ್ಟಿಯಾಗಿಯೇ ಇರಬೇಕು. ಹಪ್ಪಳದಷ್ಟು ತೆಳ್ಳಗೆ, ಮುರಿದರೆ ಗರಿಗರಿ. ಈ ರೊಟ್ಟಿ ಅದಲ್ಲ. ಅಂಚು ಒಣಗಿ ಬಿರುಕು ಬಿಟ್ಟಿತ್ತು, ನಡುವೆ ಹಸಿ ಹಿಟ್ಟು. ಬದನೆಕಾಯಿ ಹೊರಗೆ ಕಪ್ಪು, ಒಳಗೆ ಬೇಯದ ಬೀಜ. ಅನ್ನದ ಅಗುಳಿನ ನಡುವೆ ಸೂಜಿಯಂತೆ ಅಕ್ಕಿ ಚುಚ್ಚುತ್ತಿತ್ತು. ಸಾರಿನದು ಬೇರೆಯೇ ಕತೆ. ಬಾಯಿಗೆ ಇಡುವ ಮೊದಲೇ ಮೂಗಿಗೆ ಗೊತ್ತಾಯಿತು, ತಳ ಹಿಡಿದಿದೆ. ತಳ ಹಿಡಿದದ್ದನ್ನು ಸೌಟಿನಿಂದ ಕೆರೆದು ಕಲಸಿಯೂ ಬಿಟ್ಟಿದ್ದರು.

ನಾನು ತಟ್ಟೆಯನ್ನು ಮುಂದಕ್ಕೆ ತಳ್ಳಿದೆ. ಸದ್ದಾಗುವ ಹಾಗೆ ತಳ್ಳಿದೆ ಎಂದು ಒಪ್ಪಿಕೊಳ್ಳಬೇಕು. ಅದು ನನ್ನ ಹಳೆಯ ಅಭ್ಯಾಸ. ಮನೆಯಲ್ಲಿಯೂ ಹಾಗೆಯೇ ತಳ್ಳುತ್ತಿದ್ದೆ. ಉಪ್ಪು ಒಂದು ಕಲ್ಲು ಹೆಚ್ಚಾದರೆ, ಹುಳಿ ಸ್ವಲ್ಪ ಕಡಿಮೆಯಾದರೆ ಮಾತಿಲ್ಲದೆ ತಟ್ಟೆ ಮುಂದಕ್ಕೆ. ನಲವತ್ತೊಂದು ವರ್ಷ ಆ ತಟ್ಟೆಯನ್ನು ಹಿಂದಕ್ಕೆ ಎತ್ತಿಕೊಂಡು ಹೋದವಳು ತೀರಿಹೋಗಿ ಮೂರು ವರ್ಷವಾಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ಯಜಮಾನರು ನಿಂತು ನಮ್ಮ ತಟ್ಟೆಯನ್ನೇ ನೋಡುತ್ತಿದ್ದರು. ನಾನು ಅವರನ್ನು ಕರೆಯಲು ಬಾಯಿ ತೆರೆದೆ. ಅಷ್ಟರಲ್ಲಿ ಮೊಮ್ಮಗಳು ಎದುರಿಗಿದ್ದ ಹಿರಿಯರನ್ನು ಕೇಳಿಬಿಟ್ಟಳು. "ಅಜ್ಜಾ, ನಿಮ್ಮ ಸಾರು ಚೆನ್ನಾಗಿದೆಯಾ?"

ಅವರು ತಲೆ ಎತ್ತಿದರು. ದಪ್ಪ ಕನ್ನಡಕ, ಅದರ ಹಿಂದೆ ನಗುವ ಕಣ್ಣು. ಒಂದು ಕ್ಷಣ ಯೋಚಿಸಿ ಹೇಳಿದರು:

"ಬಿಸಿ ಐತಿ, ತಂಗಿ."

ಯಜಮಾನರು ಸಾರಿನ ಪಾತ್ರೆ ಹಿಡಿದು ಬಂದರು. "ಹೆಂಗ ಆಗೇತ್ರಿ ಮಾಸ್ತರ?" ಧ್ವನಿ ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನ ಹಾಗಿತ್ತು.

"ಬಿಸಿ ಐತೋ ತಮ್ಮಾ. ಇನ್ನೊಂದು ಸೌಟು ಹಾಕು."

ಆ ಸಾರನ್ನು ಇನ್ನೊಂದು ಸೌಟು! ನಾನು ಕಣ್ಣು ಬಿಟ್ಟು ನೋಡಿದೆ. ಯಜಮಾನರು ಬಡಿಸಿ ಒಳಗೆ ಹೋದರು. ಮಾಸ್ತರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ನಿನ್ನಿಗಿಂತ ಇವತ್ತ ಅಡ್ಡಿ ಇಲ್ರಿ. ನಿನ್ನೆ ಉಪ್ಪು ಹಾಕಾಕ ಮರ್ತಿದ್ದ."

ಆಮೇಲೆ ವಿಷಯ ತಿಳಿಯಿತು. ಹೊಟೇಲಿನ ಅಡುಗೆ ಯಾವಾಗಲೂ ಯಜಮಾನರ ಹೆಂಡತಿಯದು. ಅವರ ಕೈರುಚಿಗೆ ನಾಲ್ಕೂ ಮೇಜು ತುಂಬಿ ಜನ ಹೊರಗೆ ನಿಲ್ಲುತ್ತಿದ್ದರಂತೆ. ಯಜಮಾನರ ಕೆಲಸ ಗಲ್ಲೆಯ ಮೇಲೆ ಕೂರುವುದು, ಚಿಲ್ಲರೆ ಕೊಡುವುದು. ಈಗ ಮಗಳ ಬಾಣಂತನಕ್ಕೆಂದು ಆಕೆ ಗದಗಕ್ಕೆ ಹೋಗಿದ್ದಾರೆ. ಹೊಟೇಲು ಮುಚ್ಚಿದರೆ ಬಾಡಿಗೆ ಕಟ್ಟುವವರು ಯಾರು? ಹಾಗಾಗಿ ಜೀವಮಾನದಲ್ಲಿ ಚಹಾ ಕೂಡ ಕಾಯಿಸದ ಮನುಷ್ಯ ಒಲೆಯ ಮುಂದೆ ನಿಂತಿದ್ದಾರೆ. ಒಂದೊಂದೇ ಗಿರಾಕಿ ಕಡಿಮೆಯಾಗುತ್ತ ಬಂದಿದ್ದಾರೆ.

"ನೀವು ಬೇರೆ ಕಡೆ ಉಣ್ಣಬಹುದಲ್ಲ?" ಎಂದು ಕೇಳಿದೆ.

ಮಾಸ್ತರು ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಯಲು ಇಟ್ಟರು. ಅದು ಅವರು ಕಂಡುಕೊಂಡ ಉಪಾಯ.

"ನನ್ನ ಮನಿಯಾಕಿ ಹೋಗಿ ಇಪ್ಪತ್ತು ವರ್ಷ ಆತ್ರಿ. ಮಕ್ಕಳು ಬೆಂಗಳೂರಾಗ ಅದಾರ. ಅಂದಿನಿಂದ ನನ್ನ ಮಧ್ಯಾಹ್ನದ ಊಟ ಇಲ್ಲೇ. ಇಪ್ಪತ್ತು ವರ್ಷ ಆಕಿ ಕೈಯಾಗ ಉಂಡೇನಿ. ಮೂರು ತಿಂಗಳು ಇವನ ಕೈಯಾಗ ಉಂಡ್ರ ಏನು ಸಾಯ್ತೀನೇನು?" ಸ್ವಲ್ಪ ತಡೆದು ಮತ್ತೆ ಹೇಳಿದರು: "ನಾವೂ ಬರೂದು ಬಿಟ್ರ ಆಕಿ ತಿರುಗಿ ಬರೂದ್ರಾಗ ಬಾಗಿಲಿಗೆ ಬೀಗ ಬೀಳ್ತೈತಿ."

ನಾನು ಏನೂ ಹೇಳಲಿಲ್ಲ. ತಳ್ಳಿದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಪೂರ್ತಿ ಉಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ರೊಟ್ಟಿಯ ಅಂಚು, ಬದನೆಕಾಯಿಯ ಒಂದು ಭಾಗ ಬಿಟ್ಟು ಉಳಿದದ್ದನ್ನು ಉಂಡೆ. ಮೊಮ್ಮಗಳು ಮೊಸರನ್ನ ಉಂಡಳು. ಮೊಸರು ಮಾತ್ರ ಕಲ್ಲಿನಂತೆ ಗಟ್ಟಿ, ಸಿಹಿಯಾಗಿತ್ತು. ಅದರಲ್ಲಿ ಯಜಮಾನರ ಪಾತ್ರ ಏನೂ ಇರಲಿಲ್ಲ, ಎಲ್ಲ ಎಮ್ಮೆಯದು.

ಕೈ ತೊಳೆಯಲು ಹಿಂದಕ್ಕೆ ಹೋದಾಗ ಅಡುಗೆಮನೆ ಕಂಡಿತು. ಯಜಮಾನರು ಸ್ಟೂಲಿನ ಮೇಲೆ ಕೂತು ಹಿಟ್ಟಿನ ಬುಟ್ಟಿ ನೋಡುತ್ತಿದ್ದರು. ನಾನೂ ಮೂರು ವರ್ಷದಿಂದ ಒಬ್ಬನೇ ಅಡುಗೆ ಮಾಡಿಕೊಳ್ಳುವವನು. ಎಷ್ಟು ಪಾತ್ರೆ ಸುಟ್ಟಿದ್ದೇನೆ ಎಂದು ನನಗೆ ಗೊತ್ತು, ಪಾತ್ರೆ ತಿಕ್ಕುವಾಕೆಗೆ ಗೊತ್ತು. ತಡೆಯಲಾಗದೆ ಒಳಗೆ ಕಾಲಿಟ್ಟೆ.

"ಸಾರು ತಳ ಹಿಡಿದರೆ ಕೆರೆಯಬೇಡಿ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ. ತಳದ್ದು ತಳದಲ್ಲೇ ಇರಲಿ" ಎಂದೆ.

ಅವರು ನನ್ನನ್ನು ಸಿಟ್ಟಿನಿಂದ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ನಿಂತರು. "ಹೌದೇನ್ರೀ? ಮತ್ತ ರೊಟ್ಟಿ?" ಎಂದರು.

ರೊಟ್ಟಿಯ ವಿಷಯದಲ್ಲಿ ತುಮಕೂರಿನವನಾದ ನಾನು ಏನು ಹೇಳಲಿ? ಮುದ್ದೆ ಕೇಳಿದ್ದರೆ ಹೇಳುತ್ತಿದ್ದೆ. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಗದಗದಿಂದ ಹೆಂಡತಿ. ಕೈಯೆಲ್ಲ ಹಿಟ್ಟಾದ್ದರಿಂದ ಸ್ಪೀಕರ್ ಹಾಕಿ ಇಟ್ಟರು. ಹಿಂದೆ ಕೂಸು ಅಳುವುದು ಕೇಳುತ್ತಿತ್ತು.

"ಹಿಟ್ಟಿಗೆ ಎಂಥ ನೀರು ಹಾಕಿದ್ರಿ?"

"ಬಿಸಿ ನೀರು."

"ಬಿಸಿ ಅಂದ್ರ? ಕುದ್ದಿತ್ತೇನು?"

ಯಜಮಾನರು ಸುಮ್ಮನಾದರು.

"ಕುದಿಯೂ ನೀರು ಹಾಕ್ರಿ ಅಂತ ಎಷ್ಟು ಸಲ ಹೇಳ್ಲಿ! ಇಲ್ಲಾಂದ್ರ ಹಿಟ್ಟು ಕೂಡೂದಿಲ್ಲ, ಬಡಿಯೂ ಮುಂದ ಬಿರಿತೈತಿ."

ಮಕ್ಕಳೇ, ಈ ಮಾತನ್ನು ನಾನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿದರೂ ನಾದುತ್ತ ಹೋದಂತೆ ಅಂಟು ಬರುತ್ತದೆ, ಚಪಾತಿ ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಆ ಅಂಟು ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬೆಂದು ಅಂಟಿಕೊಳ್ಳುತ್ತದೆ. ಆಗಷ್ಟೇ ಅದು ಕೈಯಲ್ಲಿ ಬಡಿಸಿಕೊಂಡು ಅಗಲವಾಗುತ್ತದೆ. ಉತ್ತರ ಕರ್ನಾಟಕದ ತಾಯಂದಿರಿಗೆಲ್ಲ ಗೊತ್ತಿರುವ ವಿಜ್ಞಾನ ಇದು.

ಮಾಸ್ತರು ಬಾಗಿಲಿಗೆ ಬಂದು ಫೋನಿನ ಕಡೆ ಕೂಗಿದರು: "ತುಮಕೂರಿಂದ ಮಂದಿ ಬಂದಾರವ್ವಾ, ನಿನ್ನ ಹೊಟೇಲ್ ಹುಡುಕ್ಕೋತ!"

"ಅಯ್ಯ ಶಿವನೇ, ಅವರಿಗೂ ಇದನ್ನ ಹಾಕಿದ್ರಾ?" ಎಂದಿತು ಫೋನು. ಆ ಸಣ್ಣ ಅಡುಗೆಮನೆಯಲ್ಲಿ ನಾವೆಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಜಮಾನರು. ಮಗುವಿನ ಊಟಕ್ಕೆ ದುಡ್ಡು ಬೇಡವೇ ಬೇಡ ಎಂದರು. ಬ್ಯಾಂಕಿನವನು ಲೆಕ್ಕ ಬಾಕಿ ಇಡುವುದಿಲ್ಲ ಎಂದು ನಾನು ಹಟ ಮಾಡಿ ಎರಡು ಊಟದ ಹಣ ಕೊಟ್ಟೆ.

ನಾವು ಬಂದ ಕೆಲಸ ಕೇಳಿದ ಮೇಲೆ ಮಾಸ್ತರು ನಮ್ಮನ್ನು ಬಿಡಲಿಲ್ಲ. ಮೂವತ್ತು ವರ್ಷ ಪ್ರಾಥಮಿಕ ಸಾಲಿಯಲ್ಲಿ ಕಲಿಸಿದವರು. ನೋಟುಬುಕ್ಕು ಹಿಡಿದ ಮಗು ಕಂಡರೆ ಬಿಡುತ್ತಾರೆಯೇ? ಮೊದಲು ಊರೊಳಗಿನ ಹಳೆಯ ಈಶ್ವರನ ಗುಡಿ. ಅಲ್ಲಿಂದ ಟಂಟಂ ಹತ್ತಿಸಿ ಚೌಡಯ್ಯದಾನಪುರಕ್ಕೆ ಕರೆದುಕೊಂಡು ಹೊರಟರು. ಗುತ್ತರ ಕತೆ ಪೂರ್ತಿ ಸಿಗುವುದು ಅಲ್ಲಿಯೇ ಎಂದರು.

ತುಂಗಭದ್ರೆಯ ದಂಡೆಯ ಮೇಲೆ ಮುಕ್ತೇಶ್ವರನ ಗುಡಿ. ದೊಡ್ಡದೇನಲ್ಲ. ಆದರೆ ಆ ನಯವಾದ ಕಲ್ಲಿನ ಮೇಲೆ ಬಿಡಿಸಿದ ಕೆತ್ತನೆ, ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ, ಹಿಂದೆ ಮಳೆಗಾಲ ಮುಗಿಸಿ ತುಂಬಿಕೊಂಡು ಹರಿಯುವ ಹೊಳೆ. ಮೊಮ್ಮಗಳು ಹಸಿವು, ರೊಟ್ಟಿ ಎಲ್ಲ ಮರೆತು ಓಡಾಡಿದಳು. ಆಳೆತ್ತರದ ಶಾಸನದ ಕಲ್ಲುಗಳ ಮುಂದೆ ಮಾಸ್ತರು ನಿಂತುಬಿಟ್ಟರು. ಇಂಥ ಕಲ್ಲಿನ ತುದಿಯಲ್ಲಿ ಸೂರ್ಯ ಚಂದ್ರರನ್ನು ಕೊರೆಯುತ್ತಿದ್ದರು. ಅವರು ಇರುವವರೆಗೆ ಈ ದಾನ ನಡೆಯಲಿ ಎಂದು ಅದರ ಅರ್ಥ. ನಮ್ಮ ಬ್ಯಾಂಕಿನ ಯಾವ ಠೇವಣಿಗೂ ಅಷ್ಟು ದೀರ್ಘ ಅವಧಿ ಇರಲಿಲ್ಲ.

ಗುತ್ತರು ಹನ್ನೆರಡು, ಹದಿಮೂರನೆಯ ಶತಮಾನದಲ್ಲಿ ಇಲ್ಲಿ ಆಳಿದ ಸಾಮಂತರು. ಮೊದಲು ಕಲ್ಯಾಣದ ಚಾಲುಕ್ಯರ ಕೆಳಗೆ, ಆಮೇಲೆ ದೇವಗಿರಿಯ ಸೇವುಣರ ಕೆಳಗೆ. ಅವರ ರಾಜಧಾನಿ ಗುತ್ತವೊಳಲು, ಅದೇ ಇಂದಿನ ಗುತ್ತಲ. ವಿಕ್ರಮಾದಿತ್ಯ, ಜೋಯಿದೇವ ಎಂಬ ಹೆಸರಿನ ಅರಸರು ಅವರಲ್ಲಿದ್ದರು. ತಾವು ಉಜ್ಜಯಿನಿಯ ಕಡೆಯವರು, ಚಂದ್ರಗುಪ್ತನ ವಂಶದವರು ಎಂದು ಅವರು ಶಾಸನಗಳಲ್ಲಿ ಬರೆಸಿದ್ದಾರೆ. ಗುಪ್ತ ಎಂಬುದೇ ಕನ್ನಡದ ಬಾಯಲ್ಲಿ ಗುತ್ತ ಆಯಿತು.

"ಉಜ್ಜಯಿನಿಯಿಂದ ಇಲ್ಲಿಗೆ ಹೇಗೆ ಬಂದ್ರು?" ಎಂದಳು ಮೊಮ್ಮಗಳು. "ಅದು ನಿಜವಾ?"

ಮಾಸ್ತರಿಗೆ ಈ ಪ್ರಶ್ನೆ ಎಷ್ಟು ಖುಷಿ ಕೊಟ್ಟಿತೆಂದರೆ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ನೋಡು ತಂಗಿ, ಹಂಗಂತ ಅವರು ಹೇಳ್ಕೊಂಡಿದ್ದು ಖರೆ. ಅದಕ್ಕ ಕಲ್ಲು ಸಾಕ್ಷಿ ಐತಿ. ಹೇಳ್ಕೊಂಡಿದ್ದು ಖರೆನೋ ಸುಳ್ಳೋ, ಅದಕ್ಕ ಕಲ್ಲು ಸಾಕ್ಷಿ ಆಗೂದಿಲ್ಲ. ನೀ ಬರಿಯೂ ಮುಂದ 'ಹೇಳಿಕೊಂಡಿದ್ದಾರೆ' ಅಂತ ಬರಿ." ಅವಳು ಬರೆದುಕೊಂಡಳು. ಅಂಬಿಗರ ಚೌಡಯ್ಯನ ಹೆಸರಿನಿಂದಲೇ ಈ ಊರಿಗೆ ಹೆಸರು ಬಂತು ಎಂದು ಜನ ನಂಬುತ್ತಾರೆ ಎಂಬುದನ್ನೂ ಬರೆದುಕೊಂಡಳು. ಹೊಳೆಯಲ್ಲಿ ದೋಣಿ ನಡೆಸುತ್ತ, ಯಾರಿಗೂ ಹೆದರದೆ ವಚನ ಹೇಳಿದ ಹನ್ನೆರಡನೆಯ ಶತಮಾನದ ಶರಣ ಅವನು. ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥವನ್ನೂ ನೋಡಬೇಕಿತ್ತು. ಹೊತ್ತು ಸಾಲಲಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ತೋರಿಸುತ್ತೇನೆ ಎಂದು ಅವಳಿಗೆ ಕೊಟ್ಟ ಮಾತೂ ಹಾಗೆಯೇ ಉಳಿದಿದೆ.

ಮೊಮ್ಮಗಳು ಗುಡಿಯ ಚಿತ್ರ ಬರೆಯುತ್ತ ಕೂತಾಗ ನಾವಿಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತೆವು.

"ನಿಮ್ಮ ಮನೆಯವರು ಬರಲಿಲ್ಲೇನ್ರಿ?" ಎಂದು ಮಾಸ್ತರು ಕೇಳಿದರು.

ಹೇಳಿದೆ. ಅವಳು ದಿನವೂ ಬಡಿಸಿ, ಎದುರು ನಿಂತು "ಹೇಗಿದೆ?" ಎಂದು ಕೇಳುತ್ತಿದ್ದಳು ಎಂದೂ ಹೇಳಿದೆ. ನಾನು ಏನು ಉತ್ತರ ಕೊಡುತ್ತಿದ್ದೆ ಎಂಬುದನ್ನೂ ಹೇಳಿದೆ. ಇದನ್ನು ನಾನು ನನ್ನ ಮಗನಿಗೂ ಹೇಳಿರಲಿಲ್ಲ. ಎರಡು ಗಂಟೆಯ ಹಿಂದೆ ಪರಿಚಯವಾದವರಿಗೆ ಯಾಕೆ ಹೇಳಿದೆನೋ ತಿಳಿಯದು. ಮಾಸ್ತರು ಸಮಾಧಾನದ ಮಾತು ಆಡಲಿಲ್ಲ. ಒಂದು ಸಣ್ಣ ಕಲ್ಲನ್ನು ಎತ್ತಿ ನೀರಿಗೆ ಎಸೆದರು. ಸ್ವಲ್ಪ ಹೊತ್ತಿನ ಮೇಲೆ "ನಾನೂ ಛಲೋ ಅಂತಿದ್ದಿಲ್ರಿ. ಆಮ್ಯಾಲ ಕಲ್ತೆ" ಎಂದರು.

ಸಂಜೆಯ ಬಸ್ಸಿಗೆ ಹತ್ತಿಸುವಾಗ ಮೊಮ್ಮಗಳ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ತಮ್ಮ ಫೋನ್ ನಂಬರು ಬರೆದುಕೊಟ್ಟರು. ಗುಂಡಗಿನ, ಕಪ್ಪುಹಲಗೆಯ ಅಕ್ಷರ.

ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಒಬ್ಬರಿಗೊಬ್ಬರು ಫೋನು ಮಾಡುತ್ತೇವೆ. ಒಂದು ವಾರ ಅವರ ಸರದಿ, ಒಂದು ವಾರ ನನ್ನದು. ಶಾಲೆಯಲ್ಲಿ ಯೋಜನೆಗೆ ಒಳ್ಳೆಯ ಅಂಕ ಬಂತು. 'ಹೇಳಿಕೊಂಡಿದ್ದಾರೆ' ಎಂಬ ಪದದ ಕೆಳಗೆ ಟೀಚರು ಗೆರೆ ಎಳೆದು 'ಶಹಬಾಸ್' ಎಂದು ಬರೆದಿದ್ದರು. ಅದನ್ನು ಕೇಳಿ ಮಾಸ್ತರು ನನಗಿಂತ ಹೆಚ್ಚು ಹಿಗ್ಗಿದರು. ದೀಪಾವಳಿ ಕಳೆದು ಹೊಟೇಲಿನ ಯಜಮಾನತಿ ವಾಪಸು ಬಂದರಂತೆ. ಎರಡೇ ವಾರದಲ್ಲಿ ನಾಲ್ಕೂ ಮೇಜು ತುಂಬಿತಂತೆ. "ಈಗ ನನಗ ಕೂಡಾಕ ಜಾಗ ಇಲ್ರಿ! ಬಾಗಿಲದಾಗ ನಿಂದ್ರಬೇಕು" ಎಂದು ಮಾಸ್ತರು ದೂರಿದರು. ಧ್ವನಿ ಮಾತ್ರ ದೂರಿನ ಹಾಗಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಅವರೇ ತುಮಕೂರಿಗೆ ಬಂದರು. ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ಬರುವಾಗ ಒಂದು ಚೀಲ ಡಬ್ಬಿ ಮೆಣಸಿನಕಾಯಿ ಹೊತ್ತು ತಂದಿದ್ದರು. ಚೀಲ ಬಿಚ್ಚಿದರೆ ಮನೆಯೆಲ್ಲ ಘಮ.

ಹೊಟೇಲಿಗೆ ಹೋಗೋಣ ಎಂದು ಮಗ ಹೇಳಿದ. ಬೇಡ, ನಾನೇ ಅಡುಗೆ ಮಾಡುತ್ತೇನೆ ಎಂದೆ. ಮುದ್ದೆ, ಬೇಳೆ ಸಾರು, ಅನ್ನ. ಮೊಮ್ಮಗಳು ಈರುಳ್ಳಿ ಸುಲಿದಳು. ಆ ಕೆಂಪು ಮೆಣಸಿನಕಾಯಿಯನ್ನೇ ಹುರಿದು ರುಬ್ಬಿ ಸಾರಿಗೆ ಹಾಕಿ ಒಲೆಯ ಮೇಲಿಟ್ಟು, ಒಂದೇ ನಿಮಿಷ ಎಂದು ಹೊರಗೆ ಬಂದು ಮಾಸ್ತರ ಜೊತೆ ಕೂತೆ. ಅವರು ಜಾತ್ರೆಯಲ್ಲಿ ಕಂಡ ಜೋಡಿ ಎತ್ತುಗಳ ಕತೆ ಶುರುಮಾಡಿದರು. ಎತ್ತಿನ ಬೆಲೆ, ಎತ್ತಿನ ಸುಳಿ, ಎತ್ತಿನ ಹಲ್ಲು. ಒಳಗಿನಿಂದ ವಾಸನೆ ಬಂದಾಗ ಮೊಮ್ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಓಡಿ ಹೋದೆ. ಗಾಬರಿಯಲ್ಲಿ ಸೌಟು ಹಾಕಿ ತಳದವರೆಗೆ ಚೆನ್ನಾಗಿ ಕಲಸಿಯೂ ಬಿಟ್ಟೆ. ಸಾರಿನ ಗಡಿಬಿಡಿಯಲ್ಲಿ ಮುದ್ದೆಗೆ ಕೋಲು ಹಾಕುವುದು ತಡವಾಗಿ ಅದರಲ್ಲಿ ಗಂಟುಗಳು. ಇನ್ನು ಮಾಡುವುದೇನು? ಮೂರು ತಟ್ಟೆ ಹಾಕಿ ಬಡಿಸಿದೆ.

ಮಾಸ್ತರು ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು, ಅದು ಮುಗಿಯುವ ಹಾಗೆ ಕಾಣಲಿಲ್ಲ. "ಅಜ್ಜಾ, ಅಗಿಯಬಾರದು, ಹಾಗೇ ನುಂಗಬೇಕು!" ಎಂದು ಮೊಮ್ಮಗಳು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿ ತೋರಿಸಿದಳು. ಅವರೂ ಹಾಗೆಯೇ ಮಾಡಿದರು. ಎರಡನೇ ತುತ್ತು. ಮೂರನೇ ತುತ್ತು. ನಾನು ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಹೇಗಿದೆ?" ಎಂದು ಕೇಳಿದೆ.

ಮಾಸ್ತರು ತಲೆ ಎತ್ತಿದರು. ದಪ್ಪ ಕನ್ನಡಕದ ಹಿಂದೆ ಕಣ್ಣು ನಗುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ತಟ್ಟೆ ಮುಂದೆ ಹಿಡಿದು ಹೇಳಿದಳು:

"ಬಿಸಿ ಐತಿ, ತಾತ. ಇನ್ನೊಂದು ಸೌಟು ಹಾಕು."